ಬಾಂಡ್ ಬೆಲೆ, ಇಳುವರಿ, ಡ್ಯುರೇಷನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಸಾಮಾನ್ಯ ಹೂಡಿಕೆದಾರರು ಸರ್ಕಾರಿ ಸಾಲಪತ್ರಗಳನ್ನು ನೇರವಾಗಿ ಕೊಳ್ಳಲು ಅನುವು ಮಾಡಿಕೊಡುವ ‘ರಿಟೇಲ್ ಡೈರೆಕ್ಟ್’ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರಂದು ಆರಂಭಿಸಿತು. ಹತ್ತು ಸಾವಿರ ರೂಪಾಯಿ ಇದ್ದರೆ ಸಾಕು, ಭಾರತ ಸರ್ಕಾರಕ್ಕೋ ಕರ್ನಾಟಕ ಸರ್ಕಾರಕ್ಕೋ ನಾವು ಸಾಲ ಕೊಡಬಹುದು. ಆದರೆ ಬ್ಯಾಂಕ್ ಠೇವಣಿಗೆ ಒಗ್ಗಿಕೊಂಡವರಿಗೆ ಬಾಂಡಿನ ಬೆಲೆ ದಿನವೂ ಏರಿಳಿಯುವುದು ಗಾಬರಿ ಹುಟ್ಟಿಸುತ್ತದೆ. ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಅದೇ ಗಾಬರಿಯಿಂದ ಹುಟ್ಟಿದವು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: 2022ರ ಜನವರಿಯಲ್ಲಿ ಶೇ 6.54 ಬಡ್ಡಿಯ, 2032ಕ್ಕೆ ಮುಗಿಯುವ ಕೇಂದ್ರ ಸರ್ಕಾರದ ಬಾಂಡನ್ನು ಒಂದು ಲಕ್ಷ ರೂಪಾಯಿಗೆ ಕೊಂಡೆ. ಆರೇ ತಿಂಗಳಲ್ಲಿ ಅದರ ಮೌಲ್ಯ 94 ಸಾವಿರಕ್ಕೂ ಕೆಳಗೆ ಹೋಯಿತು. 2025ರ ಮಧ್ಯದಲ್ಲಿ ನೋಡಿದರೆ ಮತ್ತೆ ಒಂದು ಲಕ್ಷವನ್ನು ದಾಟಿತ್ತು. ಬಡ್ಡಿ ಮಾತ್ರ ಮೊದಲಿನಿಂದಲೂ ಒಂದೇ. ಸರ್ಕಾರವೂ ಅದೇ, ಬಾಂಡೂ ಅದೇ ಆಗಿರುವಾಗ ಬೆಲೆ ಏಕೆ ಬದಲಾಗಬೇಕು? — ನಿವೃತ್ತ ಪ್ರಾಧ್ಯಾಪಕರು, ಧಾರವಾಡ

ನಿಮ್ಮ ಬಾಂಡ್ ಬದಲಾಗಲಿಲ್ಲ ಎಂಬುದೇ ಅದರ ಬೆಲೆ ಬದಲಾಗಲು ಕಾರಣ. ಪ್ರತಿ ವರ್ಷ ಜನವರಿ ಮತ್ತು ಜುಲೈ ತಿಂಗಳಲ್ಲಿ ತಲಾ 3,270 ರೂಪಾಯಿ, 2032ರ ಜನವರಿಯಲ್ಲಿ ಕೊನೆಯ ಕಂತಿನೊಂದಿಗೆ ಒಂದು ಲಕ್ಷ: ಈ ಒಪ್ಪಂದದಲ್ಲಿ ಒಂದು ಪೈಸೆಯನ್ನೂ ಯಾರೂ ತಿದ್ದುವಂತಿಲ್ಲ. ಬದಲಾದದ್ದು ಅದರ ಸುತ್ತಲಿನ ಮಾರುಕಟ್ಟೆ.

ನೀವು ಕೊಂಡಾಗ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಸಾಲ ಕೊಡುವ ದರ) ಶೇ 4 ಇತ್ತು. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ರಿಸರ್ವ್ ಬ್ಯಾಂಕ್ ಅದನ್ನು ಆ ಮಟ್ಟಕ್ಕೆ ಇಳಿಸಿತ್ತು. 2022ರ ಮೇ 4ರಂದು, ನಿಗದಿತ ಸಭೆಗೂ ಮೊದಲೇ, ಹಣಕಾಸು ನೀತಿ ಸಮಿತಿ ಅದನ್ನು ಶೇ 4.40ಕ್ಕೆ ಏರಿಸಿತು. ಜೂನ್‌ನಲ್ಲಿ ಶೇ 4.90, ಆಗಸ್ಟ್‌ನಲ್ಲಿ ಶೇ 5.40, ಹೀಗೆ ಏರುತ್ತ 2023ರ ಫೆಬ್ರುವರಿಯಲ್ಲಿ ಅದು ಶೇ 6.50ಕ್ಕೆ ಮುಟ್ಟಿತು. ಮಾರುಕಟ್ಟೆ ಇದನ್ನು ಮೊದಲೇ ಲೆಕ್ಕ ಹಾಕಿಕೊಂಡಿತ್ತು. ಆಗಸ್ಟ್‌ನಲ್ಲಿ ಸರ್ಕಾರ ಹತ್ತು ವರ್ಷದ ಹೊಸ ಬಾಂಡನ್ನು ಹರಾಜಿಗೆ ತಂದಾಗ ಅದಕ್ಕೆ ಶೇ 7.26 ಬಡ್ಡಿ ಕೊಡಬೇಕಾಯಿತು.

ಈಗ ಕೊಳ್ಳುವವನ ಕಡೆಯಿಂದ ನೋಡಿ. ಒಂದು ಲಕ್ಷಕ್ಕೆ ವರ್ಷಕ್ಕೆ 7,260 ರೂಪಾಯಿ ಕೊಡುವ ಹೊಸ ಬಾಂಡ್ ಕೈಗೆಟಕುವಂತಿರುವಾಗ, 6,540 ರೂಪಾಯಿ ಮಾತ್ರ ಕೊಡುವ ನಿಮ್ಮ ಬಾಂಡಿಗೆ ಅವನು ಒಂದು ಲಕ್ಷ ಕೊಡುವುದಿಲ್ಲ. ವರ್ಷಕ್ಕೆ 720 ರೂಪಾಯಿ ಕಡಿಮೆ ಬೀಳುತ್ತದೆ, ಹಾಗೆ ಬೀಳುವುದು ಉಳಿದ ಒಂಬತ್ತು ವರ್ಷಕ್ಕೂ ಮೇಲ್ಪಟ್ಟ ಅವಧಿಯ ಉದ್ದಕ್ಕೂ. ಆ ಕೊರತೆಯನ್ನೆಲ್ಲ ಶೇ 7.26ರ ದರದಲ್ಲಿ ಅಂದಿನ ಮೌಲ್ಯಕ್ಕೆ ತಂದರೆ, ಅಂದರೆ ಮುಂದೆ ಬರಬೇಕಾದ ಹಣ ಅಂದು ಎಷ್ಟು ಬೆಲೆ ಬಾಳುತ್ತದೆಂದು ಲೆಕ್ಕ ಹಾಕಿದರೆ, ಸುಮಾರು 4,800 ರೂಪಾಯಿ ಆಗುತ್ತದೆ. ಆದ್ದರಿಂದ ಅವನು 95,200 ರೂಪಾಯಿಯ ಆಸುಪಾಸಿನಲ್ಲಿ ಮಾತ್ರ ನಿಮ್ಮ ಬಾಂಡನ್ನು ಒಪ್ಪಿಕೊಳ್ಳುತ್ತಾನೆ. ಆ ಬೆಲೆಗೆ ಕೊಂಡರೆ ಅವನಿಗೂ ವರ್ಷಕ್ಕೆ ಶೇ 7.26ರ ಗಳಿಕೆಯೇ ದಕ್ಕುತ್ತದೆ: ಒಂದು ಭಾಗ ಬಡ್ಡಿಯಾಗಿ, ಇನ್ನೊಂದು ಭಾಗ 95,200 ಕೊಟ್ಟು ಕೊನೆಗೆ ಒಂದು ಲಕ್ಷ ಪಡೆಯುವುದರಿಂದ. ಆ ಒಟ್ಟು ಗಳಿಕೆಯ ದರವನ್ನೇ ಇಳುವರಿ ಎನ್ನುತ್ತೇವೆ. ಜೂನ್‌ನಲ್ಲಿ ಹತ್ತು ವರ್ಷದ ಇಳುವರಿ ಶೇ 7.5ನ್ನೂ ದಾಟಿದ್ದರಿಂದ ಆಗ ನಿಮ್ಮ ಬಾಂಡಿನ ಬೆಲೆ ಇನ್ನೂ ಕೆಳಗಿತ್ತು.

ಇಳುವರಿ ಏರಿದ್ದರಿಂದ ಬೆಲೆ ಇಳಿಯಿತೋ, ಬೆಲೆ ಇಳಿದದ್ದರಿಂದ ಇಳುವರಿ ಏರಿತೋ ಎಂದು ಕೆಲವರು ಕೇಳುತ್ತಾರೆ. ಎರಡೂ ಒಂದೇ ಘಟನೆ. ಮುಂದೆ ಬರಲಿರುವ ಹಣ ನಿಶ್ಚಿತವಾಗಿರುವಾಗ, ಅದಕ್ಕೆ ಇಂದು ಎಷ್ಟು ಕೊಡುತ್ತೀರಿ ಎಂಬುದನ್ನು ರೂಪಾಯಿಯಲ್ಲಿ ಹೇಳಿದರೆ ಬೆಲೆ, ಶೇಕಡಾವಾರಿನಲ್ಲಿ ಹೇಳಿದರೆ ಇಳುವರಿ. ಒಂದು ಗೊತ್ತಾದರೆ ಇನ್ನೊಂದನ್ನು ಲೆಕ್ಕದಿಂದಲೇ ತೆಗೆಯಬಹುದು.

2025ರಲ್ಲಿ ಬೆಲೆ ಚೇತರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಬಡ್ಡಿ ದರಗಳು ಇಳಿದದ್ದು. ಎರಡನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಮೂರೂವರೆ ವರ್ಷ ಕಳೆದದ್ದು. ಹತ್ತು ವರ್ಷದ ಬಾಂಡಾಗಿದ್ದದ್ದು ಆ ಹೊತ್ತಿಗೆ ಆರೂವರೆ ವರ್ಷದ ಬಾಂಡಾಗಿತ್ತು. ವಾಯಿದೆ ಹತ್ತಿರವಾದಂತೆ ಕೊರತೆಯ ವರ್ಷಗಳು ಕಡಿಮೆಯಾಗುತ್ತವೆ. ದರ ಎಲ್ಲೇ ಇರಲಿ, ಬೆಲೆ ಮುಖಬೆಲೆಯ ಕಡೆಗೆ ಜಾರುತ್ತ ಬರುತ್ತದೆ.

ಪ್ರಶ್ನೆ: ರೆಪೊ ದರ ಇಳಿದರೆ ಬಾಂಡ್ ಬೆಲೆ ಏರುತ್ತದೆ ಎಂದು ಓದಿ, 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ದರವನ್ನು ಅರ್ಧ ಶೇಕಡಾವಾರು ಅಂಶದಷ್ಟು ಇಳಿಸಿದ ದಿನವೇ ಗಿಲ್ಟ್ ಫಂಡಿನಲ್ಲಿ (ಸರ್ಕಾರಿ ಬಾಂಡ್‌ಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್) ಹಣ ಹಾಕಿದೆ. ಆಗಸ್ಟ್ ಕೊನೆಗೆ ಎನ್‌ಎವಿ (ಫಂಡಿನ ಒಂದು ಯೂನಿಟ್‌ನ ಮೌಲ್ಯ) ಕೆಳಗಿಳಿದಿತ್ತು. ಓದಿದ್ದು ತಪ್ಪೇ? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಓದಿದ್ದು ಅಪೂರ್ಣ. ರೆಪೊ ದರ ಎಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಸಾಲ ಕೊಡುವ ದರ. ಗಿಲ್ಟ್ ಫಂಡ್‌ಗಳ ಕೈಯಲ್ಲಿರುವುದು ಹತ್ತು, ಮೂವತ್ತು, ನಲವತ್ತು ವರ್ಷಗಳ ಬಾಂಡ್‌ಗಳು. ಇವುಗಳ ಇಳುವರಿಯನ್ನು ರಿಸರ್ವ್ ಬ್ಯಾಂಕ್ ಘೋಷಿಸುವುದಿಲ್ಲ. ಅದನ್ನು ತೀರ್ಮಾನಿಸುವವರು ಆ ಬಾಂಡ್‌ಗಳನ್ನು ಕೊಳ್ಳುವ ಬ್ಯಾಂಕುಗಳು, ವಿಮಾ ಕಂಪನಿಗಳು, ಪಿಂಚಣಿ ನಿಧಿಗಳು ಮತ್ತು ವಿದೇಶಿ ಹೂಡಿಕೆದಾರರು. ಅವರು ಇಂದಿನ ರೆಪೊ ದರವನ್ನಷ್ಟೇ ನೋಡುವುದಿಲ್ಲ. ಮುಂದಿನ ಹಲವು ವರ್ಷಗಳ ದರ ಹೇಗಿರಬಹುದು, ಹಣದುಬ್ಬರ ಎಲ್ಲಿಗೆ ಹೋಗಬಹುದು, ಸರ್ಕಾರ ಇನ್ನೆಷ್ಟು ಸಾಲ ಎತ್ತಬಹುದು ಎಂಬ ಅಂದಾಜುಗಳೆಲ್ಲ ಆ ಇಳುವರಿಯೊಳಗೆ ಸೇರಿರುತ್ತವೆ.

ಈ ಅಂದಾಜು ಎಷ್ಟು ಮುಂಚಿತವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. 2023ರ ಫೆಬ್ರುವರಿಯಿಂದ ಎರಡು ವರ್ಷ ರೆಪೊ ದರ ಶೇ 6.50ರಲ್ಲೇ ನಿಂತಿತ್ತು. ಆದರೆ ಹತ್ತು ವರ್ಷದ ಇಳುವರಿ ಅದೇ ಅವಧಿಯಲ್ಲಿ ಶೇ 7.3ರ ಸುತ್ತಿನಿಂದ ಶೇ 6.7ರ ಸುತ್ತಿಗೆ ಇಳಿಯಿತು. ದರ ಕಡಿತದಿಂದ ಬರಬೇಕಾದ ಲಾಭದ ಬಹುಪಾಲು, ಮೊದಲ ಕಡಿತ ಘೋಷಣೆಯಾಗುವ ಮುನ್ನವೇ ಬೆಲೆಯಲ್ಲಿ ಸೇರಿಹೋಗಿತ್ತು.

2025ರ ಜೂನ್ 6ರ ಸಭೆಯಲ್ಲಿ ರೆಪೊ ದರ ಶೇ 6ರಿಂದ ಶೇ 5.50ಕ್ಕೆ ಇಳಿದದ್ದು ನಿಜ, ಅದು ಬಹುತೇಕರ ನಿರೀಕ್ಷೆಗಿಂತ ದೊಡ್ಡ ಕಡಿತವೂ ಹೌದು. ಆದರೆ ಅದೇ ದಿನ ಸಮಿತಿ ತನ್ನ ನಿಲುವನ್ನು ‘ಹೊಂದಾಣಿಕೆ’ಯಿಂದ ‘ತಟಸ್ಥ’ಕ್ಕೆ ಬದಲಿಸಿತು. ಮುಂದೆ ಕಡಿತಕ್ಕೆ ಹೆಚ್ಚು ಅವಕಾಶವಿಲ್ಲ ಎಂದು ಮಾರುಕಟ್ಟೆ ಅದನ್ನು ಅರ್ಥಮಾಡಿಕೊಂಡಿತು. ಆಗಸ್ಟ್‌ನಲ್ಲಿ ಜಿಎಸ್‌ಟಿ ದರಗಳನ್ನು ತಗ್ಗಿಸುವ ಪ್ರಸ್ತಾಪ ಬಂದಾಗ ಸರ್ಕಾರದ ಆದಾಯ ತಗ್ಗಿ ಸಾಲ ಹೆಚ್ಚಬಹುದೆಂಬ ಆತಂಕ ಸೇರಿಕೊಂಡಿತು. ದೀರ್ಘಾವಧಿ ಬಾಂಡ್‌ಗಳ ಪೂರೈಕೆಗೆ ತಕ್ಕಷ್ಟು ಬೇಡಿಕೆಯೂ ಇರಲಿಲ್ಲ. ಶೇ 6.2 ಮತ್ತು 6.3ರ ನಡುವೆ ಇದ್ದ ಹತ್ತು ವರ್ಷದ ಇಳುವರಿ ಆಗಸ್ಟ್ ಅಂತ್ಯಕ್ಕೆ ಶೇ 6.5ನ್ನು ದಾಟಿತು, ಮೂವತ್ತು ವರ್ಷದ್ದು ಶೇ 7ರ ಮೇಲಕ್ಕೆ ಹೋಯಿತು. ಅಲ್ಪಾವಧಿ ದರ ಇಳಿದಿತ್ತು, ದೀರ್ಘಾವಧಿ ಇಳುವರಿ ಏರಿತ್ತು. ನಿಮ್ಮ ಫಂಡಿನಲ್ಲಿದ್ದದ್ದು ಎರಡನೆಯ ಬಗೆಯ ಬಾಂಡ್‌ಗಳು.

ನಷ್ಟದ ಪ್ರಮಾಣವನ್ನೂ ನೀವೇ ಅಂದಾಜು ಮಾಡಬಹುದು. ಫಂಡಿನ ಮಾಡಿಫೈಡ್ ಡ್ಯುರೇಷನ್ 10 ಇದ್ದು, ಅದರ ಬಾಂಡ್‌ಗಳ ಇಳುವರಿ 0.4 ಶೇಕಡಾವಾರು ಅಂಶ ಏರಿತು ಎಂದುಕೊಳ್ಳಿ. ಬೆಲೆ ಸುಮಾರು ಶೇ 4ರಷ್ಟು ಇಳಿಯುತ್ತದೆ. ಅದೇ ಮೂರು ತಿಂಗಳಲ್ಲಿ ಬಡ್ಡಿಯಾಗಿ ಬಂದದ್ದು ಶೇ 1.5ರಿಂದ 1.7. ಹೀಗಾಗಿ ನಿಮಗೆ ಕಂಡ ನಿವ್ವಳ ನಷ್ಟ ಶೇ 2.5ರ ಆಸುಪಾಸು. ಈ ‘10’ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆಯ ವಿಷಯ.

ಪ್ರಶ್ನೆ: ಫಂಡಿನ ಮಾಹಿತಿಪತ್ರದಲ್ಲಿ ಸರಾಸರಿ ವಾಯಿದೆ 20 ವರ್ಷ, ಮೆಕಾಲೆ ಡ್ಯುರೇಷನ್ 10.4 ವರ್ಷ, ಮಾಡಿಫೈಡ್ ಡ್ಯುರೇಷನ್ 10 ಎಂದು ಮೂರು ಸಂಖ್ಯೆಗಳಿವೆ. ಬಾಂಡ್‌ಗಳು ಮುಗಿಯುವುದು ಇಪ್ಪತ್ತು ವರ್ಷಕ್ಕಾದರೆ ಹತ್ತು ಎಂಬುದು ಏನು? — ಕಾಲೇಜು ಉಪನ್ಯಾಸಕಿ, ಶಿವಮೊಗ್ಗ

ಒಳ್ಳೆಯ ಪ್ರಶ್ನೆ, ಈ ಸಂಚಿಕೆಯ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತೇನೆ. ಬಾಂಡ್ ಹೂಡಿಕೆದಾರರು ತಿಳಿಯಲೇಬೇಕಾದ ಸಂಖ್ಯೆ ಯಾವುದೆಂದು ಕೇಳಿದರೆ ನಾನು ಬಡ್ಡಿ ದರವನ್ನಲ್ಲ, ಡ್ಯುರೇಷನ್ನನ್ನು ಹೆಸರಿಸುತ್ತೇನೆ.

ಲೆಕ್ಕ ಸುಲಭವಾಗಲೆಂದು ವರ್ಷಕ್ಕೊಮ್ಮೆ ಶೇ 7 ಬಡ್ಡಿ ಕೊಡುವ, 100 ರೂಪಾಯಿ ಮುಖಬೆಲೆಯ ಮೂರು ಬಾಂಡ್‌ಗಳನ್ನು ತೆಗೆದುಕೊಳ್ಳೋಣ: ಒಂದು ವರ್ಷದ್ದು, ಹತ್ತು ವರ್ಷದ್ದು, ಮೂವತ್ತು ವರ್ಷದ್ದು. ಇಳುವರಿ ಶೇ 7 ಇರುವಾಗ ಮೂರರ ಬೆಲೆಯೂ 100. ಅದು ಶೇ 8ಕ್ಕೆ ಏರಿದರೆ ಒಂದು ವರ್ಷದ ಬಾಂಡ್ 99.07 ರೂಪಾಯಿಗೆ ಇಳಿಯುತ್ತದೆ, ಹತ್ತು ವರ್ಷದ್ದು 93.29ಕ್ಕೆ, ಮೂವತ್ತು ವರ್ಷದ್ದು 88.74ಕ್ಕೆ. ಉದ್ದದ ಬಾಂಡಿಗೆ ಹೊಡೆತ ದೊಡ್ಡದು ಎಂಬುದು ಸ್ಪಷ್ಟ. ಆದರೆ ಅವಧಿ ಮೂರು ಪಟ್ಟಾದಾಗ ಹೊಡೆತ ಮೂರು ಪಟ್ಟಾಗಲಿಲ್ಲ, 6.71 ರೂಪಾಯಿಯ ಇಳಿಕೆ 11.26 ಆಯಿತು, ಅಷ್ಟೆ. ಹಾಗಾದರೆ ವಾಯಿದೆಯ ವರ್ಷಗಳು ಅಪಾಯದ ಸರಿಯಾದ ಅಳತೆಯಲ್ಲ.

ಕಾರಣವಿಷ್ಟೆ: ಬಾಂಡಿನ ಹಣವೆಲ್ಲ ಕೊನೆಯ ದಿನವೇ ಬರುವುದಿಲ್ಲ. ಒಂದು ಉದ್ದನೆಯ ಕೋಲಿನ ಮೇಲೆ ವರ್ಷಗಳನ್ನು ಗುರುತು ಮಾಡಿ, ಆಯಾ ವರ್ಷ ಬರುವ ಹಣದ ಇಂದಿನ ಮೌಲ್ಯದಷ್ಟು ತೂಕವನ್ನು ಅಲ್ಲಲ್ಲಿ ತೂಗುಹಾಕಿದಂತೆ ಊಹಿಸಿಕೊಳ್ಳಿ. ಹತ್ತು ವರ್ಷದ ನಮ್ಮ ಬಾಂಡಿನಲ್ಲಿ ಕೊನೆಯ ವರ್ಷದ 107 ರೂಪಾಯಿಯ ಇಂದಿನ ಮೌಲ್ಯ 54.39. ಉಳಿದ ಸುಮಾರು 46 ರೂಪಾಯಿಯಷ್ಟು ತೂಕ ಮೊದಲ ಒಂಬತ್ತು ವರ್ಷಗಳಲ್ಲಿ ಹರಡಿಕೊಂಡಿದೆ. ಆ ಕೋಲನ್ನು ಬೆರಳಿನ ಮೇಲೆ ಸಮತೋಲದಲ್ಲಿ ನಿಲ್ಲಿಸಬೇಕಾದರೆ ಬೆರಳು ಏಳೂವರೆ ವರ್ಷದ ಗುರುತಿನ ಕೆಳಗಿರಬೇಕು. ನಿಖರವಾಗಿ 7.515 ವರ್ಷ. ಅದೇ ಮೆಕಾಲೆ ಡ್ಯುರೇಷನ್. ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ ಈ ಅಳತೆಯನ್ನು 1938ರಲ್ಲಿ ಮುಂದಿಟ್ಟರು. ಮೂವತ್ತು ವರ್ಷದ ಬಾಂಡಿಗೆ ಇದು 13.28 ವರ್ಷ ಮಾತ್ರ, ಏಕೆಂದರೆ ಮೂವತ್ತನೆಯ ವರ್ಷ ಬರುವ ದೊಡ್ಡ ಮೊತ್ತದ ಇಂದಿನ ಮೌಲ್ಯ ಬಹಳ ಚಿಕ್ಕದು. ನಡುವೆ ಬಡ್ಡಿಯೇ ಕೊಡದ ಶೂನ್ಯ ಕೂಪನ್ ಬಾಂಡಿನಲ್ಲಿ ತೂಕವೆಲ್ಲ ಒಂದೇ ಕಡೆ ಇರುವುದರಿಂದ ಡ್ಯುರೇಷನ್ ಮತ್ತು ವಾಯಿದೆ ಒಂದೇ.

ಹತ್ತು ವರ್ಷದ ಬಾಂಡಿನ 7.515ನ್ನು 1.07ರಿಂದ (1ಕ್ಕೆ ಶೇ 7ರ ಇಳುವರಿ ಸೇರಿಸಿದ್ದು) ಭಾಗಿಸಿದರೆ 7.02 ಬರುತ್ತದೆ. ಅದು ಮಾಡಿಫೈಡ್ ಡ್ಯುರೇಷನ್. ಇಳುವರಿ ಒಂದು ಶೇಕಡಾವಾರು ಅಂಶ ಬದಲಾದರೆ ಬೆಲೆ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದನ್ನು ಇದು ಹೇಳುತ್ತದೆ. ಶೇ 8ಕ್ಕೆ ಏರಿದಾಗ ನಿಜವಾಗಿ ಇಳಿದದ್ದು 6.71, ಶೇ 6ಕ್ಕೆ ಇಳಿದರೆ ಬೆಲೆ 107.36, ಅಂದರೆ 7.36ರ ಏರಿಕೆ. 7.02 ಎಂಬುದು ಇವೆರಡರ ನಡುವಿನ ಅಂದಾಜು. ಇಳಿಕೆ ಅಂದಾಜಿಗಿಂತ ಕಡಿಮೆ, ಏರಿಕೆ ಅಂದಾಜಿಗಿಂತ ಹೆಚ್ಚು: ಇದು ಆಕಸ್ಮಿಕವಲ್ಲ. ಬೆಲೆ ಮತ್ತು ಇಳುವರಿಯ ಸಂಬಂಧ ಸರಳರೇಖೆಯಲ್ಲ, ಬಾಗಿದ ರೇಖೆ. ಆ ಬಾಗನ್ನು ಕಾನ್ವೆಕ್ಸಿಟಿ ಎನ್ನುತ್ತಾರೆ. ಸಣ್ಣ ಬದಲಾವಣೆಗಳಲ್ಲಿ ಇದು ಲೆಕ್ಕಕ್ಕಿಲ್ಲ. ಇಳುವರಿ ಶೇ 7ರಿಂದ ಶೇ 10ಕ್ಕೆ ಹಾರಿದರೆ ಮಾತ್ರ ಡ್ಯುರೇಷನ್ ಹೇಳುವ ಬೆಲೆ 78.93, ನಿಜವಾದ ಬೆಲೆ 81.57 ಎಂಬಷ್ಟು ಅಂತರ ಬರುತ್ತದೆ.

ಕೂಪನ್ (ಬಾಂಡಿನ ನಿಗದಿತ ಬಡ್ಡಿ ದರ) ಕಡಿಮೆಯಾದಷ್ಟೂ, ಇಳುವರಿ ಕಡಿಮೆಯಾದಷ್ಟೂ ಡ್ಯುರೇಷನ್ ಉದ್ದವಾಗುತ್ತದೆ. ಆಸ್ಟ್ರಿಯಾ ಸರ್ಕಾರ 2020ರ ಜೂನ್‌ನಲ್ಲಿ ಶೇ 0.85 ಬಡ್ಡಿಗೆ ನೂರು ವರ್ಷದ ಬಾಂಡ್ ಮಾರಿತು. ಶೇ 0.85ರ ಇಳುವರಿಯಲ್ಲಿ ಅದರ ಡ್ಯುರೇಷನ್ 67 ವರ್ಷಕ್ಕೂ ಹೆಚ್ಚು. ಇಳುವರಿ ಶೇ 3ಕ್ಕೆ ಏರಿದರೆ 100ರ ಬಾಂಡಿನ ಬೆಲೆ 32ಕ್ಕೆ ಬರಬೇಕೆಂದು ಗಣಿತ ಹೇಳುತ್ತದೆ. ಯೂರೋಪಿನಲ್ಲಿ ದರಗಳು ಏರಿದ ಮೇಲೆ, 2023ರಲ್ಲಿ ಆ ಬಾಂಡ್ 40ಕ್ಕಿಂತಲೂ ಕೆಳಗೆ ಬಿಕರಿಯಾಯಿತು. ಆಸ್ಟ್ರಿಯಾ ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಸಾಲಗಾರ ಎಷ್ಟು ಪ್ರಾಮಾಣಿಕನಾಗಿದ್ದರೂ ಬೆಲೆಯ ಅಪಾಯ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ನಮ್ಮಲ್ಲೂ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಐವತ್ತು ವರ್ಷದ ಬಾಂಡ್ ತಂದಿತು. ಆದರೆ ಅದರ ಕೂಪನ್ ಶೇ 7.46 ಇರುವುದರಿಂದ ಡ್ಯುರೇಷನ್ ಹದಿನಾಲ್ಕು ವರ್ಷದ ಸುತ್ತಲೇ ನಿಲ್ಲುತ್ತದೆ.

ಈಗ ಡ್ಯುರೇಷನ್ನಿನ ಇನ್ನೊಂದು ಮುಖ, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು. ಇಳುವರಿ ಏರಿದಾಗ ಬೆಲೆ ಇಳಿಯುತ್ತದೆ, ನಿಜ. ಆದರೆ ಆ ಮೇಲೆ ಬರುವ ಪ್ರತಿ ಬಡ್ಡಿಯ ಕಂತನ್ನೂ ನೀವು ಹೆಚ್ಚಿನ ದರದಲ್ಲಿ ಮರುಹೂಡಿಕೆ ಮಾಡಬಹುದು. ಒಂದು ಕಡೆ ನಷ್ಟ, ಇನ್ನೊಂದು ಕಡೆ ಲಾಭ. ಎರಡೂ ಸರಿಸಮವಾಗುವ ಒಂದು ದಿನ ಇರುತ್ತದೆ. ಹತ್ತು ವರ್ಷದ ಬಾಂಡನ್ನು 100 ರೂಪಾಯಿಗೆ ಕೊಂಡ ಮರುದಿನವೇ ಇಳುವರಿ ಶೇ 8 ಆಗಿ, ಅಲ್ಲೇ ನಿಂತಿತು ಎಂದುಕೊಳ್ಳಿ. ಬಡ್ಡಿಯನ್ನೆಲ್ಲ ಮರುಹೂಡಿಕೆ ಮಾಡುತ್ತ ಹೋದರೆ ಏಳೂವರೆ ವರ್ಷದ ಹೊತ್ತಿಗೆ ನಿಮ್ಮ ಕೈಯಲ್ಲಿರುವ ಒಟ್ಟು ಮೌಲ್ಯ 166.35 ರೂಪಾಯಿ. ಇಳುವರಿ ಬದಲಾಗದೆ ಶೇ 7ರಲ್ಲೇ ಇದ್ದಿದ್ದರೆ 166.27. ಶೇ 6ಕ್ಕೆ ಇಳಿದಿದ್ದರೆ 166.35. ದರ ಏರಲಿ, ಇಳಿಯಲಿ, ಆ ದಿನ ಮೊತ್ತ ಬಹುತೇಕ ಒಂದೇ. ಆ ದಿನ ಯಾವುದು? ಮೆಕಾಲೆ ಡ್ಯುರೇಷನ್ ಮುಗಿಯುವ ದಿನ.

ಅದರ ಅರ್ಥ ಇಷ್ಟು: ಹಣ ಏಳೂವರೆ ವರ್ಷದ ನಂತರ ಬೇಕಾಗಿರುವವರಿಗೆ ಈ ಬಾಂಡಿನಲ್ಲಿ ಬಡ್ಡಿ ದರದ ಅಪಾಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡು ವರ್ಷಕ್ಕೆ ಬೇಕಾದವರಿಗೆ ಬೆಲೆ ಇಳಿಯುವ ಅಪಾಯವಿದೆ. ಇಪ್ಪತ್ತು ವರ್ಷದ ನಂತರ ಬೇಕಾದವರಿಗೆ ಇರುವುದು ತದ್ವಿರುದ್ಧವಾದ ಅಪಾಯ: ದರ ಇಳಿದು, ಮರುಹೂಡಿಕೆಯಲ್ಲಿ ಸಿಗಬೇಕಾದ ಬಡ್ಡಿ ಕಡಿಮೆಯಾಗುವುದು. ಒಂದೇ ಬಾಂಡ್ ಒಬ್ಬರಿಗೆ ಸುರಕ್ಷಿತ, ಇನ್ನೊಬ್ಬರಿಗೆ ಅಲ್ಲ. ಆದ್ದರಿಂದ ನಿಮ್ಮ ಫಂಡಿನ 10.4 ಎಂಬ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂದು ನೀವು ಕೇಳಿದರೆ, ಆ ಹಣ ನಿಮಗೆ ಯಾವಾಗ ಬೇಕು ಎಂದು ನಾನು ತಿರುಗಿ ಕೇಳಬೇಕಾಗುತ್ತದೆ.

ಪ್ರಶ್ನೆ: ಐದು ವರ್ಷ ಉಳಿದಿರುವ ಎರಡು ಸರ್ಕಾರಿ ಬಾಂಡ್‌ಗಳಲ್ಲಿ ಒಂದು ಶೇ 8 ಬಡ್ಡಿಯದು, ಬೆಲೆ 108ಕ್ಕೂ ಮೇಲೆ, ಇನ್ನೊಂದು ಶೇ 5ರದು, ಬೆಲೆ 96ರ ಹತ್ತಿರ. ಹೆಚ್ಚು ಬಡ್ಡಿಯದೇ ಲಾಭವಲ್ಲವೇ? — ವ್ಯಾಪಾರಿ, ದಾವಣಗೆರೆ

ಅಲ್ಲ. ಇಳುವರಿ ಶೇ 6 ಇದ್ದಾಗ ಮೊದಲನೆಯದರ ಬೆಲೆ 108.42, ಎರಡನೆಯದರದು 95.79 ಆಗಬೇಕು; ನೀವು ಬರೆದಿರುವ ಬೆಲೆಗಳು ಅದಕ್ಕೆ ಹೊಂದುತ್ತವೆ. ಮೊದಲನೆಯದು ವರ್ಷಕ್ಕೆ 3 ರೂಪಾಯಿ ಹೆಚ್ಚು ಕೊಟ್ಟು ಕೊನೆಗೆ 8.42 ರೂಪಾಯಿಯನ್ನು ಕಿತ್ತುಕೊಳ್ಳುತ್ತದೆ, ಎರಡನೆಯದು ಕಡಿಮೆ ಕೊಟ್ಟು ಕೊನೆಗೆ 4.21 ಸೇರಿಸುತ್ತದೆ. ಎರಡರಿಂದಲೂ ದಕ್ಕುವುದು ಶೇ 6. ವ್ಯತ್ಯಾಸವಿರುವುದು ಡ್ಯುರೇಷನ್ನಿನಲ್ಲಿ: ಮೊದಲನೆಯದಕ್ಕೆ 4.34 ವರ್ಷ, ಎರಡನೆಯದಕ್ಕೆ 4.53. ಜೊತೆಗೆ ತೆರಿಗೆಯನ್ನು ನೋಡಿ. ಬಡ್ಡಿ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬಿನ ದರದಲ್ಲಿ ತೆರಿಗೆಗೆ ಒಳಪಡುತ್ತದೆ, ಬೆಲೆಯ ವ್ಯತ್ಯಾಸಕ್ಕೆ ಬಂಡವಾಳ ಲಾಭದ ನಿಯಮ. ಹೆಚ್ಚಿನ ಸ್ಲ್ಯಾಬಿನಲ್ಲಿರುವವರು ಕೂಪನ್ ನೋಡಿ ಮರುಳಾಗುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು.

ಪ್ರಶ್ನೆ: ವಾಯಿದೆ ಮುಗಿಯುವವರೆಗೆ ಇಟ್ಟುಕೊಂಡರೆ ನಷ್ಟವೇ ಇಲ್ಲ ಎನ್ನುತ್ತಾರೆ. ಹಾಗಿದ್ದರೆ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸುರಕ್ಷಿತ ಸರ್ಕಾರಿ ಬಾಂಡ್‌ಗಳನ್ನು ಇಟ್ಟುಕೊಂಡೂ ಮುಳುಗಿದ್ದು ಹೇಗೆ? — ಎಂ.ಕಾಂ. ವಿದ್ಯಾರ್ಥಿನಿ, ಮಂಗಳೂರು

ಹಣ ಯಾವಾಗ ಬೇಕು ಎಂದು ಶಿವಮೊಗ್ಗದ ಓದುಗರಿಗೆ ಕೇಳಿದ ಪ್ರಶ್ನೆಯನ್ನೇ ಆ ಬ್ಯಾಂಕ್ ಮರೆತಿತ್ತು. 2020 ಮತ್ತು 2021ರಲ್ಲಿ ಸ್ಟಾರ್ಟಪ್ ಕಂಪನಿಗಳಿಂದ ಅದಕ್ಕೆ ಅಪಾರ ಠೇವಣಿ ಹರಿದುಬಂತು. ಆ ಠೇವಣಿಗಳನ್ನು ಯಾವ ದಿನ ಬೇಕಾದರೂ ಹಿಂಪಡೆಯಬಹುದಿತ್ತು. ಬ್ಯಾಂಕ್ ಆ ಹಣದ ದೊಡ್ಡ ಪಾಲನ್ನು ದೀರ್ಘಾವಧಿಯ ಅಮೆರಿಕ ಸರ್ಕಾರಿ ಬಾಂಡ್‌ಗಳಲ್ಲಿಯೂ ಸರ್ಕಾರಿ ಬೆಂಬಲದ ಗೃಹಸಾಲ ಬಾಂಡ್‌ಗಳಲ್ಲಿಯೂ ತೊಡಗಿಸಿತು. ಸಾಲಗಾರ ಕೈಕೊಡುವ ಭಯ ಅಲ್ಲಿ ಇರಲಿಲ್ಲ. ಆದರೆ 2022ರ ಮಾರ್ಚ್‌ನಲ್ಲಿ ಸೊನ್ನೆಯ ಸಮೀಪದಿಂದ ಏರಿಕೆ ಆರಂಭಿಸಿದ ಫೆಡರಲ್ ರಿಸರ್ವ್, ಒಂದು ವರ್ಷದೊಳಗೆ ತನ್ನ ದರವನ್ನು ಶೇ 4.50–4.75ರ ಮಟ್ಟಕ್ಕೆ ಒಯ್ದಿತು.

2022ರ ಕೊನೆಗೆ, ವಾಯಿದೆಯವರೆಗೆ ಇಟ್ಟುಕೊಳ್ಳುತ್ತೇವೆಂದು ವರ್ಗೀಕರಿಸಿದ್ದ ಆ ಬ್ಯಾಂಕಿನ ಬಾಂಡ್‌ಗಳ ಮೊತ್ತ ಸುಮಾರು 91 ಶತಕೋಟಿ ಡಾಲರ್. ಅವುಗಳ ಮಾರುಕಟ್ಟೆ ಬೆಲೆ ಅದಕ್ಕಿಂತ ಸುಮಾರು 15 ಶತಕೋಟಿ ಡಾಲರ್ ಕಡಿಮೆ. ಬ್ಯಾಂಕಿನ ಒಟ್ಟು ಸ್ವಂತ ಬಂಡವಾಳವೇ 16 ಶತಕೋಟಿಯ ಆಸುಪಾಸಿನಲ್ಲಿತ್ತು. ಆ ವರ್ಗದ ಬಾಂಡ್‌ಗಳನ್ನು ಮಾರುಕಟ್ಟೆ ಬೆಲೆಯಲ್ಲಿ ತೋರಿಸಬೇಕಾಗಿರಲಿಲ್ಲವಾದ್ದರಿಂದ ಲೆಕ್ಕಪತ್ರದ ಮುಖ್ಯ ಅಂಕಿಗಳಲ್ಲಿ ಈ ನಷ್ಟ ಕಾಣಿಸುತ್ತಿರಲಿಲ್ಲ. 2023ರ ಮಾರ್ಚ್ 8ರಂದು ಬ್ಯಾಂಕ್, ಮಾರಾಟಕ್ಕೆ ಲಭ್ಯವೆಂದು ಇಟ್ಟಿದ್ದ ಇನ್ನೊಂದು ಗುಂಪಿನ ಸುಮಾರು 21 ಶತಕೋಟಿ ಡಾಲರ್ ಬಾಂಡ್‌ಗಳನ್ನು 1.8 ಶತಕೋಟಿ ನಷ್ಟದಲ್ಲಿ ಮಾರಿದ್ದಾಗಿ ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ 42 ಶತಕೋಟಿ ಡಾಲರ್ ಹಿಂಪಡೆಯಲು ಠೇವಣಿದಾರರು ಮುಗಿಬಿದ್ದರು. 10ರಂದು ಬ್ಯಾಂಕ್ ಮುಚ್ಚಿತು.

ವಾಯಿದೆಯವರೆಗೆ ಇಟ್ಟುಕೊಂಡರೆ ನಷ್ಟವಿಲ್ಲ ಎಂಬ ಮಾತಿಗೆ ಒಂದು ಷರತ್ತು ಅಂಟಿಕೊಂಡಿದೆ: ಇಟ್ಟುಕೊಳ್ಳಲು ನಿಮ್ಮಿಂದ ಸಾಧ್ಯವಾಗಬೇಕು. ಆ ಬ್ಯಾಂಕಿನ ಆಸ್ತಿಯ ಡ್ಯುರೇಷನ್ ಹಲವು ವರ್ಷ, ಠೇವಣಿಗಳ ಡ್ಯುರೇಷನ್ ಕೆಲವೇ ದಿನ. ಬಾಂಡ್ ಕೆಟ್ಟದ್ದಾಗಿರಲಿಲ್ಲ, ಜೋಡಣೆ ಕೆಟ್ಟದ್ದಾಗಿತ್ತು. ನಮ್ಮ ಬ್ಯಾಂಕುಗಳೂ ಎಸ್‌ಎಲ್‌ಆರ್ ನಿಯಮದಂತೆ ತಮ್ಮ ಹೊಣೆಗಾರಿಕೆಗಳ ಶೇ 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಬಾಂಡ್‌ಗಳಲ್ಲಿ ಇಡಬೇಕಾಗಿರುವುದರಿಂದ, ವಾಣಿಜ್ಯ ವಿದ್ಯಾರ್ಥಿಯಾಗಿ ನೀವು ಅವುಗಳ ವಾರ್ಷಿಕ ವರದಿಯಲ್ಲಿ ಆಸ್ತಿ ಮತ್ತು ಹೊಣೆಗಾರಿಕೆಗಳ ಅವಧಿವಾರು ಪಟ್ಟಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಮಾತು. ಇಟ್ಟುಕೊಳ್ಳಲು ಸಾಧ್ಯವಾದವರಿಗೂ ನಷ್ಟವೇ ಇಲ್ಲವೆನ್ನುವುದು ಸರಿಯಲ್ಲ. ಧಾರವಾಡದ ಓದುಗರು 2032ರವರೆಗೆ ಕಾದರೆ ಅವರ ಒಂದು ಲಕ್ಷ ಪೂರ್ತಿ ಬರುತ್ತದೆ. ಆದರೆ ಏಳೆಂಟು ತಿಂಗಳು ತಡವಾಗಿ ಕೊಂಡವರು ವರ್ಷಕ್ಕೆ 720 ರೂಪಾಯಿ ಹೆಚ್ಚು ಪಡೆಯುತ್ತಿರುತ್ತಾರೆ. ಬೆಲೆ ಇಳಿದಾಗ ಒಮ್ಮೆಲೇ ಕಂಡದ್ದೂ ಕಾದವರು ವರ್ಷ ವರ್ಷವೂ ಬಿಟ್ಟುಕೊಡುವುದೂ, ಅಂದಿನ ಮೌಲ್ಯಕ್ಕೆ ತಂದು ನೋಡಿದರೆ, ಒಂದೇ ಮೊತ್ತ. ಇದಕ್ಕಾಗಿ ಕೊರಗಬೇಕಿಲ್ಲ, ದರ ಮುಂದೆ ಎತ್ತ ಹೋಗುತ್ತದೆಂದು ಕೊಂಡ ದಿನ ಯಾರಿಗೂ ಖಚಿತವಾಗಿ ತಿಳಿದಿರುವುದಿಲ್ಲ.

ಪ್ರಶ್ನೆ: ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಉಳಿತಾಯ ಬಾಂಡಿಗೂ ಈ ಅಪಾಯ ಇದೆಯೇ? — ಗೃಹಿಣಿ, ಮೈಸೂರು

ಇಲ್ಲ. ಅದರ ಬಡ್ಡಿ ಅಂಚೆ ಕಚೇರಿಯ ಎನ್‌ಎಸ್‌ಸಿ ದರಕ್ಕಿಂತ 0.35 ಹೆಚ್ಚು ಎಂದು ನಿಗದಿಯಾಗಿದ್ದು, ಪ್ರತಿ ಆರು ತಿಂಗಳಿಗೆ ಪರಿಷ್ಕರಣೆಯಾಗುತ್ತದೆ. ಎನ್‌ಎಸ್‌ಸಿ ಶೇ 7.7 ಇರುವಾಗ ಇದು ಶೇ 8.05. ದರ ಬದಲಾದಂತೆ ಕೂಪನ್ನೇ ಬದಲಾಗುವುದರಿಂದ ಡ್ಯುರೇಷನ್ ಆರು ತಿಂಗಳನ್ನು ಮೀರುವುದಿಲ್ಲ, ಮೇಲಾಗಿ ಅದನ್ನು ಮಾರುಕಟ್ಟೆಯಲ್ಲಿ ಮಾರುವಂತೆಯೇ ಇಲ್ಲ. ಆದರೆ ದರ ಇಳಿದರೆ ನಿಮ್ಮ ಬಡ್ಡಿಯೂ ಇಳಿಯುತ್ತದೆ, ಮತ್ತು ಹಿರಿಯ ನಾಗರಿಕರಿಗೆ ಹೊರತು ಏಳು ವರ್ಷದವರೆಗೆ ಹಣ ಹೊರಬರುವುದಿಲ್ಲ.

ಪ್ರಶ್ನೆ: ಮಗಳ ಉನ್ನತ ಶಿಕ್ಷಣಕ್ಕೆ ಆರು ವರ್ಷದ ನಂತರ ಹಣ ಬೇಕು. ಬಾಂಡ್ ಅಥವಾ ಬಾಂಡ್ ಫಂಡಿನಲ್ಲಿ ಹೇಗೆ ಇಡಬೇಕು? — ಕೃಷಿಕರು, ಶಿರಸಿ

ದಿನಾಂಕ ಗೊತ್ತಿರುವುದರಿಂದ ನಿಮ್ಮ ಕೆಲಸ ಸುಲಭ. ಬಾಂಡ್‌ಗಳಲ್ಲಿ ಹೂಡುವ ಮ್ಯೂಚುವಲ್ ಫಂಡ್‌ಗಳ ಹಲವು ವಿಭಾಗಗಳನ್ನು ಮಾರುಕಟ್ಟೆ ನಿಯಂತ್ರಕ ಸೆಬಿ 2017ರಲ್ಲಿ ಡ್ಯುರೇಷನ್ ಆಧಾರದಲ್ಲೇ ಮಾಡಿತು: ‘ಶಾರ್ಟ್ ಡ್ಯುರೇಷನ್’ ಎಂದರೆ ಮೆಕಾಲೆ ಡ್ಯುರೇಷನ್ ಒಂದರಿಂದ ಮೂರು ವರ್ಷ, ‘ಮೀಡಿಯಂ ಟು ಲಾಂಗ್’ ಎಂದರೆ ನಾಲ್ಕರಿಂದ ಏಳು, ‘ಲಾಂಗ್’ ಎಂದರೆ ಏಳಕ್ಕೂ ಮೇಲೆ. ಇಂದಿನ ಮಟ್ಟಿಗೆ ನಿಮ್ಮ ಅಗತ್ಯ ಎರಡನೆಯದಕ್ಕೆ ಹೊಂದುತ್ತದೆ. ಆದರೆ ಒಂದು ತೊಡಕಿದೆ. ನಿಮ್ಮ ಗುರಿ ವರ್ಷ ಕಳೆದಂತೆ ಹತ್ತಿರವಾಗುತ್ತದೆ, ಆ ಫಂಡಿನ ಡ್ಯುರೇಷನ್ ಮಾತ್ರ ಅಲ್ಲೇ ಇರುತ್ತದೆ, ಏಕೆಂದರೆ ವ್ಯವಸ್ಥಾಪಕರು ಹಳೆಯ ಬಾಂಡ್ ಮಾರಿ ಹೊಸದನ್ನು ಕೊಳ್ಳುತ್ತಲೇ ಇರುತ್ತಾರೆ. ಐದನೆಯ ವರ್ಷದಲ್ಲಿ ದರ ಏರಿದರೆ ಚೇತರಿಸಿಕೊಳ್ಳಲು ನಿಮಗೆ ಸಮಯವಿರುವುದಿಲ್ಲ.

ಆ ಕಾರಣಕ್ಕೆ ನಾನು ನಿಮಗೆ ಸೂಚಿಸುವುದು ಎರಡು ದಾರಿ. ಒಂದು, ನಿಮ್ಮ ಅಗತ್ಯದ ವರ್ಷದಲ್ಲೇ ಮುಗಿಯುವ ಕೇಂದ್ರ ಸರ್ಕಾರದ ಅಥವಾ ಕರ್ನಾಟಕ ಸರ್ಕಾರದ ಬಾಂಡನ್ನು ರಿಟೇಲ್ ಡೈರೆಕ್ಟ್ ಮೂಲಕ ಕೊಂಡು ಇಟ್ಟುಕೊಳ್ಳುವುದು. ರಾಜ್ಯದ ಬಾಂಡಿನ ಇಳುವರಿ ಸಾಮಾನ್ಯವಾಗಿ ಕೇಂದ್ರದ್ದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಇನ್ನೊಂದು, ಅದೇ ವರ್ಷ ಮುಗಿಯುವ ಟಾರ್ಗೆಟ್ ಮೆಚ್ಯೂರಿಟಿ ಫಂಡ್. 2019ರ ಡಿಸೆಂಬರ್‌ನಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್ ಈ ಬಗೆಯದು. 2023 ಮತ್ತು 2030ಕ್ಕೆ ಮುಗಿಯುವ ಎರಡು ಸರಣಿಗಳೊಂದಿಗೆ ಅದು ಆರಂಭವಾಯಿತು. ಈ ಎರಡೂ ದಾರಿಗಳಲ್ಲಿ ಡ್ಯುರೇಷನ್ ನಿಮ್ಮ ಗುರಿಯ ಜೊತೆಜೊತೆಗೇ ಕುಗ್ಗುತ್ತ ಬರುತ್ತದೆ, ನೀವು ಏನನ್ನೂ ಮಾರಿ ಕೊಳ್ಳಬೇಕಿಲ್ಲ. ನಡುವೆ ಬೆಲೆ ಇಳಿದದ್ದು ಕಂಡರೂ ಮಾರಬೇಡಿ. ಬಾಂಡಿನಿಂದ ಬರುವ ಬಡ್ಡಿಯನ್ನು ಮಾತ್ರ ಖರ್ಚು ಮಾಡದೆ ಮರುಹೂಡಿಕೆ ಮಾಡಿ. ಕಾಲೇಜು ಶುಲ್ಕ ಕಟ್ಟುವ ತಿಂಗಳಿಗಿಂತ ಬಾಂಡಿನ ವಾಯಿದೆ ಕೆಲವು ತಿಂಗಳು ಮೊದಲೇ ಮುಗಿಯುವುದಾದರೆ ಆ ನಡುವಿನ ಅವಧಿಗೆ 91 ಅಥವಾ 182 ದಿನಗಳ ಟ್ರೆಷರಿ ಬಿಲ್ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಸಾಕು. ಅದೂ ಅದೇ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ಸಿಗುತ್ತದೆ.